ನಿಧಾನ ತಿರುಗುವ ತಟ್ಟೆ

ರೆಕಾರ್ಡ್ ಪ್ಲೇಯರನ್ನು ರಿಪೇರಿ ಮಾಡಿಸಬೇಕೋ, ಬಿಟ್ಟು ಹೊಸದು ತರಬೇಕೋ ಎಂಬ ಮಾತು ಕರಜಗಿಯ ಹೆಂಗಸರು ನಮ್ಮ ಮನೆಗೆ ಬರುವವರೆಗೆ ಎದ್ದೇ ಇರಲಿಲ್ಲ. ಅದಕ್ಕೆ ಏನೋ ಆಗಿದೆ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ. ಮುಳ್ಳು ಸವೆದಾಗ ಸೊಲ್ಲಾಪುರದಿಂದ ಇನ್ನೊಂದು ಮುಳ್ಳು ತರಿಸುತ್ತಿದ್ದೆವು. ಧೂಳು ಕೂತಾಗ ಅವ್ವ ಹಳೆಯ ಸೀರೆಯ ಚೂರಿನಿಂದ ಒರೆಸುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಆರೈಕೆ ಅದು ಕೇಳಲಿಲ್ಲ.

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಸೋಮವಾರ ಮಧ್ಯಾಹ್ನ ಓಣಿಯ ಹೆಂಗಸರು ಸೇರಿ ವಚನ ಹಾಡುತ್ತಾರೆ. ಅವರಿಗೆ ಗುರು ಎಂದರೆ ಒಂದೇ ಒಂದು ಎಲ್‌ಪಿ ರೆಕಾರ್ಡು. ತೊಗರಿಯ ಅಡತಿ ಅಂಗಡಿ ಇಟ್ಟಿದ್ದ ಅಪ್ಪ ದೌಲತರಾಯರು ನಾನು ಹುಟ್ಟುವ ಮೊದಲೇ ಅದನ್ನು ಕೊಂಡು ತಂದಿದ್ದರು. ಮೇಲಿನ ಹೊದಿಕೆ ಎಂದೋ ಹರಿದುಹೋಗಿ, ನಡುವಿನ ಚೀಟಿಯ ಅಕ್ಷರವೂ ಅಳಿಸಿ, ಹಾಡಿದಾಕೆಯ ಹೆಸರಾಗಲಿ ಮುಖವಾಗಲಿ ನಮಗೆ ಗೊತ್ತಿರಲಿಲ್ಲ. ದನಿ ಮಾತ್ರ ಗೊತ್ತಿತ್ತು. ತಗ್ಗಿನ, ದಪ್ಪನೆಯ, ಯಾವ ಅವಸರವೂ ಇಲ್ಲದ ದನಿ. ತುಂಬ ಬಾಳಿದ ಹೆಂಗಸೊಬ್ಬಳು ಕಂಬಕ್ಕೆ ಒರಗಿ ಕೂತು ಹಾಡಿದ ಹಾಗೆ ಇತ್ತು. ಎಲ್ಲರೂ ಅವಳನ್ನು ‘ಅಜ್ಜಿ’ ಎನ್ನುತ್ತಿದ್ದರು. ‘ಅಜ್ಜೀನ ಹಚ್ಚು ಶಿವಕಾಂತಾ’ ಎಂದರೆ ಅವ್ವ ಮುಳ್ಳನ್ನು ರೆಕಾರ್ಡಿನ ಮೇಲೆ ಇಳಿಸುತ್ತಿದ್ದಳು. ಅಜ್ಜಿ ಮುಂದೆ, ಅವ್ವ ಅವಳ ಜೊತೆಗೆ, ಉಳಿದವರು ಅವ್ವನ ಹಿಂದೆ.

ಒಂದು ಸಾಲು ಮುಗಿದು ಇನ್ನೊಂದು ಸಾಲು ಏಳುವ ನಡುವೆ ಅಜ್ಜಿ ಸುಮ್ಮನಾಗುತ್ತಿದ್ದಳು. ಆ ಜಾಗದಲ್ಲಿ ರೆಕಾರ್ಡಿನ ಸಣ್ಣ ಸರಸರ ಮಾತ್ರ ಕೇಳುತ್ತಿತ್ತು. ಹೆಂಗಸರು ಉಸಿರು ಹಿಡಿದು ಕಾಯುತ್ತಿದ್ದರು. ನಾನು ಎಂ.ಎ. ಓದಿದ್ದು ಪಕ್ಕದ ಕೋಣೆಯಲ್ಲಿ ಕೂತು, ಈ ನಡುವಿನ ಜಾಗಗಳನ್ನು ಕೇಳುತ್ತ. ತತ್ವಶಾಸ್ತ್ರದ ಪಾಠಗಳಲ್ಲಿ ಎಷ್ಟೋ ಮರೆತಿದ್ದೇನೆ. ಹಾಡು ನಿಂತ ಜಾಗದಲ್ಲಿ ಹಾಡಿನದೇ ಏನೋ ಉಳಿದಿರುತ್ತದೆ ಎಂಬುದನ್ನು ಮರೆತಿಲ್ಲ. ಅದನ್ನು ಆ ಅಜ್ಜಿಯೇ ಕಲಿಸಿದ್ದು ಎಂದುಕೊಂಡಿದ್ದೆ.

ಶ್ರಾವಣದ ಕೊನೆಯ ಸೋಮವಾರ ಜಿಡಗಾದ ಮಠದಲ್ಲಿ ಅವ್ವನ ತಂಡ ಹಾಡುವುದು ಮೊದಲಿನಿಂದ ನಡೆದು ಬಂದದ್ದು. ಈ ಸಲ ಅಫಜಲಪುರ ಕಡೆಯ ಕರಜಗಿಯಲ್ಲೂ ಒಂದು ತಂಡ ಇದೇ ವಚನಗಳನ್ನು ಹಾಡುತ್ತದೆ ಎಂದು ಅಲ್ಲಿ ಯಾರಿಗೋ ತಿಳಿಯಿತು. ‘ಎರಡೂ ತಂಡ ಕೂಡೇ ಹಾಡ್ರಿ, ಶಿವಕಾಂತಾಬಾಯಿ ಮುಂದ ಕೂಡಲಿ’ ಎಂದು ಹಿರಿಯರು ಹೇಳಿ ಕಳಿಸಿದರು. ಅವ್ವ ಹಿಗ್ಗಿದಳು. ಎರಡು ತಾಲೂಕಿನ ಹೆಂಗಸರ ಮುಂದೆ ಕೂತು ಹಾಡುವುದು ಸಣ್ಣ ಮಾತಲ್ಲ.

ಕರಜಗಿಯವರು ಕ್ರೂಸರ್ ಗಾಡಿ ಮಾಡಿಕೊಂಡು ಬಂದರು. ಅವರ ಮುಂದಾಳು ಜಯಮಾಲಾ. ಅವ್ವನಿಗಿಂತ ಹತ್ತು ಹನ್ನೆರಡು ವರ್ಷ ಸಣ್ಣವಳು, ಕಬ್ಬಿನ ಹೊಲ ತಾನೇ ನಿಂತು ಮಾಡಿಸುವವಳು, ಮಾತಿನಲ್ಲಿ ಚುರುಕು. ಚಹಾ ಕುಡಿದು ಎಲ್ಲರೂ ಚಾಪೆಯ ಮೇಲೆ ಕೂತರು. ಅವ್ವ ಮುಳ್ಳು ಇಳಿಸಿದಳು. ಅಜ್ಜಿಯ ದನಿ ಎದ್ದಿತು, ಅವ್ವನ ದನಿ ಎದ್ದಿತು. ಕರಜಗಿಯವರು ಮಾತ್ರ ಮೊದಲ ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಮುಂದೆ ಓಡಿಹೋಗಿದ್ದರು. ದನಿಯೂ ಮೇಲೆ. ನಮ್ಮವರು ಎರಡನೆಯ ಸಾಲಿಗೆ ಬಾಯಿ ತೆರೆಯುವಾಗ ಅವರು ಆಗಲೇ ಆ ಸಾಲಿನ ಒಳಗಿದ್ದರು.

ಅವ್ವ ಮುಳ್ಳು ಎತ್ತಿದಳು. ಮತ್ತೆ ಇಳಿಸಿದಳು. ಮತ್ತೆ ಅದೇ ಆಯಿತು.

“ಅಕ್ಕಾರ, ನಿಮ್ಮ ಪ್ಲೇಯರಿಗೆ ಮೊಣಕಾಲು ನೋವೇನ್ರಿ? ಏಳಾಕ ಇಷ್ಟೊತ್ತು ಮಾಡ್ತದಲ್ಲ” ಎಂದಳು ಜಯಮಾಲಾ.

ಅವ್ವನ ತಂಡದಲ್ಲಿ ಎಲ್ಲರಿಗಿಂತ ಹಿರಿಯಳಾದ ತುಳಜಾಬಾಯಿ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿ, “ನಿಮಗ್ಯಾವ ಬಸ್ ತಪ್ತದ ಬೇ? ದೇವರ ಮುಂದ ಹಾಡಾಕತ್ತೀರೋ, ಕಬ್ಬಿನ ಟ್ರ್ಯಾಕ್ಟರ್ ಹತ್ತಾಕತ್ತೀರೋ?” ಎಂದಳು.

“ನಾವು ರೆಕಾರ್ಡಿನಾಗ ಹೆಂಗದೋ ಹಂಗs ಕಲ್ತೇವ್ರಿ. ಬೇಕಾರ ಕೇಳ್ರಿ.” ಜಯಮಾಲಾ ಸೊಂಟದ ಚೀಲದಿಂದ ಫೋನು ತೆಗೆದಳು. ಇದೇ ರೆಕಾರ್ಡನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದರು. ಕರಜಗಿಯವರ ಗುರು ಅದು.

ಫೋನಿನಲ್ಲಿ ಅದೇ ಹಾಡು, ಅದೇ ಆಲಾಪ, ಅದೇ ತಂಬೂರಿ. ಹಾಡುತ್ತಿದ್ದವಳು ಮಾತ್ರ ಬೇರೆ ಯಾರೋ. ಸಣ್ಣ, ತೆಳ್ಳನೆಯ, ಚುರುಕಿನ ದನಿ.

“ಇದು ಅಜ್ಜಿ ಅಲ್ಲ. ಅಜ್ಜಿ ಮೊಮ್ಮಗಳಿರಬೇಕು” ಎಂದಳು ತುಳಜಾಬಾಯಿ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಅವಳು ಫೋನಿನ ಕಡೆ ನೋಡದೆ ತಿರುಗುತ್ತಿದ್ದ ರೆಕಾರ್ಡನ್ನೇ ನೋಡುತ್ತಿದ್ದಳು.

“ಇವೆರಡರಾಗ ಯಾವುದೋ ಒಂದು ತಪ್ಪದ ಅಕ್ಕಾರ” ಎಂದಳು ಜಯಮಾಲಾ, ಈಗ ದನಿ ಇಳಿಸಿ. “ಪತ್ತೆ ಹಚ್ರಿ. ಎರಡು ಥರ ಹಾಡಿದ್ರ ಜಿಡಗಾದಾಗ ಮಂದಿ ನಗ್ತಾರ. ನೀವು ಬರೋಬ್ಬರಿ ಇದ್ರ ನಾವು ನಿಮ್ಮ ಹಿಂದ ಬರ್ತೇವಿ. ನಾವು ಬರೋಬ್ಬರಿ ಇದ್ರ ಮುಂದ ಯಾರು ಕೂಡಬೇಕು ಅಂತ ನೀವs ಹೇಳ್ರಿ.”

ಅವಳು ಹೇಳಿದ್ದರಲ್ಲಿ ಕುಹಕ ಇರಲಿಲ್ಲ. ಅವ್ವ ಮುಳ್ಳೆತ್ತಿ ಪ್ಲೇಯರನ್ನು ನಿಲ್ಲಿಸಿದಳು.

ಅವರು ಹೋದ ಮೇಲೆ ನಾನು ರೆಕಾರ್ಡಿನ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ಹಿಡಿದು ನೋಡಿದೆ. ತಟ್ಟೆ ಒಂದೇ ಸಮ ತಿರುಗುತ್ತಿತ್ತು. ಎಲ್ಲೂ ತಡವರಿಸುತ್ತಿರಲಿಲ್ಲ. ಆದರೆ ತಿರುಗಬೇಕಾದದ್ದಕ್ಕಿಂತ ನಿಧಾನ. ನಿಧಾನವಾದರೆ ಹಾಡು ಉದ್ದವಾಗುತ್ತದೆ, ದನಿ ತಗ್ಗುತ್ತದೆ. ತಪ್ಪು ನಮ್ಮ ಮನೆಯಲ್ಲೇ ಇತ್ತು. ಅವ್ವನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ತಲೆ ಎತ್ತಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು.

“ನಿಧಾನ ತಿರಗಾಕತ್ತದಲ್ಲ?” ಎಂದಳು.

“ಹೌದು.”

“ಈಗೀಗ ಕೆಟ್ಟದೇನು?”

“ಗೊತ್ತಿಲ್ಲ ಯವ್ವಾ. ಬಿಚ್ಚಿ ನೋಡಬೇಕು.”

“ಜೇವರ್ಗಿಗೆ ಒಯ್ಯೋಣ. ತಂದವರ ಮನಿಯವ್ರs ನೋಡಲಿ.”

ಪ್ಲೇಯರು ನಮಗೆ ಬಂದದ್ದು ಜೇವರ್ಗಿಯಿಂದ. ಅಲ್ಲಿನ ರಸೂಲನ ತಂದೆ ಜಿದ್ದಾದಲ್ಲಿ ಕೆಲಸಕ್ಕಿದ್ದಾಗ ತಂದು, ಊರಿಗೆ ಮರಳಿದ ಮೇಲೆ ಅಪ್ಪನಿಗೆ ಕೊಟ್ಟಿದ್ದರು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ರಸೂಲನದೇ ಅಂಗಡಿ. ಹಳೆಯ ಆಂಪ್ಲಿಫೈಯರು, ಸ್ಪೀಕರು, ಟೇಪ್ ರೆಕಾರ್ಡರು, ಈಚೆಗೆ ಹೊಸ ರೆಕಾರ್ಡ್ ಪ್ಲೇಯರುಗಳನ್ನೂ ಮಾರುತ್ತಾನೆ. ನಾನು ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿದ್ದೇನೆ. ಶ್ರಾವಣದಲ್ಲಿ ಕಬ್ಬು ನುರಿಸುವುದಿಲ್ಲವಾದ್ದರಿಂದ ರಜೆ ಸಿಕ್ಕುವುದು ಕಷ್ಟವಲ್ಲ. ಒಬ್ಬನೇ ಹೋಗಿ ಬರುತ್ತೇನೆ ಎಂದೆ. ಅವ್ವ ಆಗಲೇ ಪ್ಲೇಯರಿಗೆ ಕಂಬಳಿ ಸುತ್ತುತ್ತಿದ್ದಳು.

“ನನ್ನ ಬಿಟ್ಟು ಇದು ಹೊಸ್ತಿಲ ದಾಟಿಲ್ಲ. ನಾನೂ ಬರ್ತೇನಿ.”

ಬಸ್ಸಿನಲ್ಲಿ ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು. ಕಲಬುರಗಿಯಲ್ಲಿ ಬಸ್ಸು ಬದಲಿಸುವಾಗಲೂ ನನ್ನ ಕೈಗೆ ಕೊಡಲಿಲ್ಲ.

ರಸೂಲ ಅಗಲ ಮೈಯ, ಜೋರು ಮಾತಿನ ಮನುಷ್ಯ. ಕಂಬಳಿ ಬಿಚ್ಚುತ್ತಿದ್ದ ಹಾಗೆ, “ಅರೇ, ನಮ್ಮ ಅಬ್ಬಾನ ಪ್ಲೇಯರ್” ಎಂದು ಅದರ ಮೈ ಸವರಿದ. ಒಂದು ನಿಮಿಷ ಕಿವಿಗೊಟ್ಟು ಕೇಳಿ, “ಪ್ಲೇಟ್ ಸೊಟ್ಟ ಆಗ್ಯದ ಅವ್ವಾರ” ಎಂದು ತೀರ್ಪು ಕೊಟ್ಟ. ರೆಕಾರ್ಡನ್ನು ಗಾಜಿನ ಮೇಲೆ ಇಟ್ಟು ತೋರಿಸಿದೆ. ಅದು ಸಪಾಟಾಗಿತ್ತು. “ಹಂಗಾರ ರಬ್ಬರ್ ಗಾಲಿ ಸವದದ” ಎಂದ. ಗಾಲಿ ಬಿಚ್ಚಿ ಹೊಸದು ಹಾಕಿದ. ತಟ್ಟೆ ಮೊದಲಿನಷ್ಟೇ ನಿಧಾನ. “ಹಂಗಾರ ಮೋಟಾರಿಗೆ ವಯಸ್ಸಾಗ್ಯದ. ನನಗೂ ಆಗ್ಯದ, ನಾನೂ ನಿಧಾನs ನಡೀತೇನಿ.”

“ನಿನ್ನ ಬಾಯಿ ನಿಧಾನ ಆಗಿಲ್ಲಲ್ಲೋ ರಸೂಲ” ಎಂದಳು ಅವ್ವ.

ಅವನು ನಕ್ಕು ಪ್ಲೇಯರನ್ನು ಬೋರಲು ಹಾಕಿದ. ಅಡಿಯಲ್ಲಿ ಮಸುಕಾದ ತಗಡಿನ ಚೂರೊಂದಿತ್ತು. ನಾನು ಬೆರಳಿಗೆ ಉಗುಳು ಹಚ್ಚಿ ಒರೆಸಿ ಓದಿದೆ. ಅರವತ್ತು ಸೈಕಲ್ ಎಂದು ಬರೆದಿತ್ತು. ನಾನೂ ರಸೂಲನೂ ಮುಖ ಮುಖ ನೋಡಿಕೊಂಡೆವು. ಅವನಿಗೆ ಆಗ ಹೊಳೆಯಿತು, ನನಗೂ ಹೊಳೆಯಿತು.

“ಏನದು?” ಎಂದಳು ಅವ್ವ.

ನಾನು ಹೇಳಿದೆ. ಜಿದ್ದಾದಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ನಮ್ಮಲ್ಲಿ ಐವತ್ತು ಸಲ. ಈ ಮೋಟಾರು ಕರೆಂಟಿನ ಮಿಡಿತದ ಲೆಕ್ಕಕ್ಕೆ ತಿರುಗುವಂಥದ್ದು. ಅಲ್ಲಿಗಾಗಿ ಮಾಡಿದ ಯಂತ್ರ ಇಲ್ಲಿ ನಿಧಾನವೇ ತಿರುಗಬೇಕು. ಕೆಟ್ಟಿಲ್ಲ, ಎಂದೂ ಕೆಟ್ಟಿರಲಿಲ್ಲ.

“ಅಂದ್ರ ತಂದ ದಿನದಿಂದs?”

“ತಂದ ದಿನದಿಂದ.”

ಅಪ್ಪನ ಮಾತೊಂದು ನೆನಪಾಯಿತು. ಮನೆಯಲ್ಲಿ ಒಂದೆರಡು ಸಿನಿಮಾ ರೆಕಾರ್ಡುಗಳೂ ಇದ್ದವು. ಅದೇ ಹಾಡು ರೇಡಿಯೋದಲ್ಲಿ ಬಂದಾಗ ಚುರುಕಾಗಿ ಕೇಳುತ್ತಿತ್ತು. ಯಾಕೆ ಎಂದು ನಾನು ಕೇಳಿದ್ದಕ್ಕೆ ಅಪ್ಪ ಗಂಭೀರವಾಗಿ, “ರೇಡಿಯೋದವ್ರು ಜಾಹೀರಾತು ಹಾಕಬೇಕಲ್ಲಪಾ, ಅದಕ್ಕ ಹಾಡು ಓಡಸ್ತಾರ” ಎಂದಿದ್ದರು. ಜಿದ್ದಾದಿಂದ ಬಂದ ಯಂತ್ರ ತಪ್ಪಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಕನಸಿನಲ್ಲೂ ಬಂದಿರಲಿಲ್ಲ. ಪರದೇಶದ ಮಾಲು ಸರಿ, ಕಲಬುರಗಿಯ ರೇಡಿಯೋ ತಪ್ಪು. ಅಷ್ಟು ಸರಳ.

ರಸೂಲ ಈಗ ಅಂಗಡಿಕಾರನಾದ. “ಎರಡು ದಾರಿ ಅವ ಅವ್ವಾರ. ಮೋಟಾರಿನ ತುದಿಗೆ ಈ ಸಣ್ಣ ಹಿತ್ತಾಳಿ ಪುಲ್ಲಿ ಅದಲ್ಲ, ಇದರಕಿಂತ ಜರಾ ದಪ್ಪಂದು ಲೇತ್‌ನಾಗ ಕೊರಸಿ ಹಾಕಿದ್ರ ಜೋರು ತಿರಗ್ತದ. ಅದರ ಸಂಗಾಟ ಮುಳ್ಳಿನ ಕಾರ್ಟ್ರಿಜ್ಜೂ ಬದಲಿ ಮಾಡಿದ್ರ ಹಳೇ ಮೈ, ಹೊಸ ಜೀವ. ಇಲ್ಲಂದ್ರ ಇದನ್ನ ಬಿಟ್ಟು ಹೊಸಾದು ತಗೋರಿ. ಕೇಳಿಸ್ತೇನಿ ತಡೀರಿ.”

ಅವನು ನಮ್ಮ ರೆಕಾರ್ಡನ್ನು ಹೊಸ ಪ್ಲೇಯರಿನ ಮೇಲೆ ಇಟ್ಟ. ಗುಂಡಿ ಒತ್ತಿದ. ಮುಳ್ಳು ತಾನೇ ಇಳಿಯಿತು.

ಫೋನಿನಲ್ಲಿ ಕೇಳಿದ್ದು ಬೇರೆ, ದೊಡ್ಡ ಸ್ಪೀಕರಿನಲ್ಲಿ ಕೇಳಿದ್ದು ಬೇರೆ. ಹಾಡುಗಾರ್ತಿ ಅಂಗಡಿಯೊಳಗೇ ಬಂದು ನಿಂತ ಹಾಗಾಯಿತು. ಇಪ್ಪತ್ತರ ಆಚೀಚೆಯ ಹುಡುಗಿ. ದನಿಯಲ್ಲಿ ಸ್ವಲ್ಪ ಅಂಜಿಕೆ, ಅಂಜಿಕೆ ಮುಚ್ಚುವ ಅವಸರ. ಒಂದು ಸಾಲು ಮುಗಿಸಿ ಉಸಿರೆಳೆದುಕೊಂಡು ತಟ್ಟನೆ ಮುಂದಿನದಕ್ಕೆ ಹೋಗುತ್ತಿದ್ದಳು. ನಾನು ಇಷ್ಟು ವರ್ಷ ಒಳಗೆ ಕೂತಿದ್ದ ಆ ನಡುವಿನ ಜಾಗಗಳು ಅವಳ ಹಾಡಿನಲ್ಲಿ ಬರಿಯ ಉಸಿರುಗಳಾಗಿದ್ದವು.

ಅವ್ವ ಕಣ್ಣು ಮುಚ್ಚಿರಲಿಲ್ಲ. ಸ್ಪೀಕರಿನ ಕಡೆ, ಎದುರಿಗೆ ಮನುಷ್ಯರಿದ್ದರೆ ನೋಡುವ ಹಾಗೆ ನೋಡುತ್ತಿದ್ದಳು. ಮುಗಿದ ಮೇಲೆ, “ಇನ್ನೊಮ್ಮೆ ಹಚ್ಚು” ಎಂದಳು. ರಸೂಲ ಹಚ್ಚಿದ. ಬಸ್ ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸಿಗೆ ಕೂಗುವವನ ದನಿ ನಡುವೆ ಬಂದು ಹೋಯಿತು.

“ಎಷ್ಟು ಸಣ್ಣಾಕಿ ಇದ್ದಾಳ” ಎಂದಳು ಕೊನೆಗೆ. “ಅಜ್ಜಿ ಅಜ್ಜಿ ಅಂತ ಕರ್ದೇವಿ.”

“ಯಾವುದು ಮಾಡ್ಲಿ ಅವ್ವಾರ? ಪುಲ್ಲಿ ಕೊರಸ್ಲೋ, ಹೊಸಾದು ಪ್ಯಾಕ್ ಮಾಡ್ಲೋ?”

“ಎರಡೂ ಇಲ್ಲೇ ಇರಲಿ. ಹೇಳಿ ಕಳಸ್ತೇನಿ.”

ತಿರುಗಿ ಬರುವಾಗ ಅವಳ ತೊಡೆಯ ಮೇಲೆ ಮಡಚಿದ ಕಂಬಳಿಯೂ ರೆಕಾರ್ಡೂ ಮಾತ್ರ ಇದ್ದವು. ಮಾತಾಡಲಿಲ್ಲ. ಕಿಟಕಿಯಾಚೆ ಹೆಸರು ಕಾಳಿನ ಹೊಲಗಳು, ಮೋಡದ ನೆರಳು. ನಾನು ಸುಮ್ಮನಿರುವುದನ್ನು ಇಷ್ಟಪಡುವವನಾದರೂ ಅವತ್ತಿನ ಮೌನ ನನಗೆ ಹಿಡಿಸಲಿಲ್ಲ. ಅದರಲ್ಲಿ ಕಾಯುವುದೇನೂ ಇರಲಿಲ್ಲ.

ಮನೆಗೆ ಬಂದವಳೇ ಜಯಮಾಲಾಗೆ ಫೋನು ಮಾಡಿದಳು. “ನಿಂದs ಬರೋಬ್ಬರಿ ಅದವಾ. ನಮ್ಮ ಮಿಷನ್ ನಿಧಾನ ಇತ್ತು. ನೀನೇ ಮುಂದ ಕೂಡು. ನಮ್ಮವರಿಗೆ ಈಗ ಹೊಸದಾಗಿ ಕಲ್ಯಾಕ ಆಗತದೋ ಇಲ್ಲೋ, ನೋಡ್ತೇನಿ.” ಆ ಕಡೆ ಜಯಮಾಲಾ ಏನು ಹೇಳಿದಳೋ, ಅವ್ವ “ಹೂಂ, ಹೂಂ” ಎಂದು ಇಟ್ಟುಬಿಟ್ಟಳು. ಆ ಸೋಮವಾರ ಹೆಂಗಸರು ಬಂದರೆ, “ಪ್ಲೇಯರ್ ಇಲ್ಲ” ಎಂದು ಚಹಾ ಕೊಟ್ಟು ಕಳಿಸಿದಳು. ತುಳಜಾಬಾಯಿ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಪ್ಲೇಯರ್ ಇಲ್ಲ ಖರೆ. ನಿನ್ನ ಗಂಟಲನೂ ಜೇವರ್ಗಿಯಾಗ ಇಟ್ಟು ಬಂದೀಯೇನು ಬೇ?” ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋದಳು.

ನನ್ನ ಮನಸ್ಸು ಆಗಲೇ ಗಟ್ಟಿಯಾಗಿತ್ತು. ಪುಲ್ಲಿ ಕೊರೆಸುವುದು ಬೇಡ, ಹೊಸದೂ ಬೇಡ. ಹಳೆಯದನ್ನು ಹಾಗೆಯೇ ತಿರುಗಿ ತರಬೇಕು. ಯಂತ್ರದ ತಪ್ಪಿನಿಂದಲೇ ಹುಟ್ಟಿದ್ದಾದರೂ ಆ ನಿಧಾನ ನಮ್ಮದು. ಅದನ್ನು ಸರಿಪಡಿಸುವುದೆಂದರೆ ನಮ್ಮ ಮನೆಯ ಸೋಮವಾರಗಳನ್ನೆಲ್ಲ ಅಳಿಸಿದ ಹಾಗೆ. ರಸೂಲನಿಗೆ ಹೇಳಿಬಿಡೋಣವೆಂದು ಫೋನು ಕೈಗೆತ್ತಿಕೊಂಡೆ. ಆಗ ಹಿತ್ತಲಿನಿಂದ ಅವ್ವನ ದನಿ ಕೇಳಿತು.

ಅವಳು ಬಾವಿಯ ಕಟ್ಟೆಯ ಹತ್ತಿರ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದಿನ ನಡುವೆ ಹಾಡು. ಮೊದಲು ಆ ಹುಡುಗಿಯ ಹಾಗೆ, ಚುರುಕಾಗಿ, ಮೇಲಿನ ದನಿಯಲ್ಲಿ ಹಾಡಲು ನೋಡಿದಳು. ಅರ್ಧಕ್ಕೆ ನಿಂತಳು. ಮೊರದಲ್ಲಿ ಎರಡು ಸಲ ಕೇರಿದಳು. ಆಮೇಲೆ ಹಳೆಯ ಹಾಗೆ, ತಗ್ಗಿನಲ್ಲಿ. ಅದೂ ಬೇಡವೆನಿಸಿತೇನೋ, ನಿಲ್ಲಿಸಿದಳು. ಮೂರನೆಯ ಸಲ ಎತ್ತಿಕೊಂಡಾಗ ನಾನು ಕಿಟಕಿಯ ಹತ್ತಿರ ಸರಿದೆ. ನಡೆ ನಿಧಾನವೇ ಇತ್ತು, ಆದರೆ ದನಿ ಮೊದಲಿಗಿಂತ ಮೇಲೆ ಹೋಗಿತ್ತು. ಒಂದು ಸಾಲನ್ನು ರೆಕಾರ್ಡಿನಲ್ಲಿ ಎರಡು ಸಲ ಹಾಡುತ್ತಾರೆ. ಅವಳು ಒಂದೇ ಸಲ ಹಾಡಿ ಬಿಟ್ಟಳು. ನಡುವಿನ ಜಾಗದಲ್ಲಿ ಅಜ್ಜಿ ನಿಲ್ಲುತ್ತಿದ್ದಷ್ಟು ಹೊತ್ತು ನಿಂತಳು, ಇನ್ನೂ ನಿಂತಳು, ಮೊರದಲ್ಲಿದ್ದ ಹರಳೊಂದನ್ನು ಹುಡುಕಿ ತೆಗೆದು ಎಸೆದಳು, ಆಮೇಲೆ ಮುಂದಿನ ಸಾಲಿಗೆ ಹೋದಳು.

ಅವಳು ಆ ಹಾಡನ್ನು ಅಜ್ಜಿಯ ಜೊತೆಯಿಲ್ಲದೆ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಜಿಡಗಾದಲ್ಲಿ ರೆಕಾರ್ಡಿಲ್ಲದೆ ಹಾಡುವಾಗಲೂ ಅವಳ ಕಿವಿಯಲ್ಲಿ ಅಜ್ಜಿ ಇರುತ್ತಿದ್ದಳು, ಅಜ್ಜಿಯ ದನಿ ಎದ್ದಾಗ ದನಿ ಎತ್ತುತ್ತಿದ್ದಳು. ಈಗ ಮುಂದೆ ಯಾರೂ ಇರಲಿಲ್ಲ.

ಒಂದೆರಡು ದಿನ ಹಿತ್ತಲಿನಲ್ಲಿ ಹೀಗೇ ನಡೆಯಿತು. ನಾನು ರಸೂಲನಿಗೆ ಫೋನು ಮಾಡಲಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಊಟಕ್ಕೆ ಬಡಿಸುತ್ತ ಅವಳೇ ಹೇಳಿದಳು.

“ರಸೂಲಗ ಹೇಳು. ಹೊಸಾದು ಕಳಸು ಅಂತ.”

ನಾನು ತುತ್ತು ಕೆಳಗಿಟ್ಟೆ. “ಹಳೇದು?”

“ಅವರಪ್ಪ ತಂದದ್ದು. ಅವನs ಇಟ್ಗೊಳ್ಲಿ. ಅಂಗಡಿ ಮುಂದ ಇಟ್ರ ಚಂದ ಕಾಣ್ತದ.”

“ಯವ್ವಾ, ಹೊಸದರಾಗ ಆ ಹುಡುಗಿ ಓಡ್ತಾಳ. ನಿನ್ನ ನಿಧಾನ ಎಲ್ಲಿಂದ ಬರಬೇಕು? ಹಳೇದು ಹಂಗs ತಂದ್ರ ಎಲ್ಲಾ ಮೊದಲಿನಂಗ ಇರ್ತದ.”

“ನನ್ನ ನಿಧಾನ ಆ ಮಿಷನ್ನಿನಾಗ ಅದ ಏನು?” ಅವಳು ಪಲ್ಯದ ಸೌಟು ನನ್ನ ತಾಟಿನ ಮೇಲೇ ಹಿಡಿದು ನಿಂತಳು. “ಅದು ಜೋರು ತಿರಗಿದ್ರ ದನಿ ಏರ್ತದ, ನಿಧಾನ ತಿರಗಿದ್ರ ದನಿ ಇಳೀತದ. ಅದಕ್ಕ ಬ್ಯಾರೆ ಏನೂ ಬರಂಗಿಲ್ಲ. ನನಗ ಬರ್ತದ. ದನಿ ಏರಿಸಿ ನಿಧಾನ ಹಾಡ್ತೇನಿ. ಹಿತ್ತಲದಾಗ ನೋಡೇನಿ, ಆಗ್ತದ.”

“ಮತ್ತ ಹೊಸದು ಯಾಕ?”

“ಆ ಹುಡುಗಿ ಹೆಂಗ ಹಾಡ್ಯಾಳೋ ಹಂಗs ಕೇಳಬೇಕು. ಇಷ್ಟು ವರ್ಷ ಆಕಿನ್ನ ಮುದುಕಿ ಮಾಡಿ ಇಟ್ಟಿದ್ದೇವಿ. ಆಕಿದು ಆಕಿಗೆ ಕೊಡೋಣ.” ಪಲ್ಯ ಬಡಿಸಿದಳು. “ನೀ ಉಣ್ಣು. ಹಳೇದರ ಮ್ಯಾಲ ನಿನಗs ಆಸಿ ಜಾಸ್ತಿ. ನನಗ ಇಲ್ಲ.”

ಅವಳು ಹೇಳಿದ್ದು ನಿಜ. ನಾನು ಉಳಿಸಬೇಕೆಂದುಕೊಂಡದ್ದು ನನ್ನ ಕೋಣೆಯನ್ನು, ನನ್ನ ಓದಿನ ವರ್ಷಗಳನ್ನು. ಹಾಡುವವಳಿಗೆ ಅವುಗಳಿಂದ ಆಗಬೇಕಾದ್ದೇನೂ ಇರಲಿಲ್ಲ. ಊಟ ಮುಗಿಸಿ ರಸೂಲನಿಗೆ ಫೋನು ಮಾಡಿದೆ. ಹಳೆಯದನ್ನು ನೀನೇ ಇಟ್ಟುಕೋ ಎಂದೆ. “ಅವ್ವಾರಿಗೆ ಸಲಾಂ ಹೇಳ್ರಿ. ಹೊಸಾದು ನಾಳೆ ಬಸ್ಸಿಗೆ ಹಾಕ್ತೇನಿ” ಎಂದ.

ಹೊಸ ಪ್ಲೇಯರು ಬಂತು. ಅವ್ವ ಹೆಂಗಸರನ್ನು ಕರೆದು ಒಮ್ಮೆ ಪೂರ್ತಿ ಕೇಳಿಸಿದಳು. ತುಳಜಾಬಾಯಿ, “ಹುಡುಗಿ ಚಂದ ಹಾಡ್ತಾಳ. ಲಗ್ನ ಆಗ್ಯದೋ ಇಲ್ಲೋ” ಎಂದಳು. ಅವ್ವ ಮುಳ್ಳೆತ್ತಿ, ಮುಚ್ಚಳ ಮುಚ್ಚಿ, “ಈಗ ನನ್ನ ಕೇಳ್ರಿ” ಎಂದಳು. ಹೆಂಗಸರು ಮುಚ್ಚಿದ ಪ್ಲೇಯರನ್ನೂ ಅವಳನ್ನೂ ನೋಡಿದರು. ಅವರಿಗೂ ಅದು ಹೊಸದು. ಮೊದಲ ದಿನ ನಾಲ್ಕಾರು ಕಡೆ ತಪ್ಪಿದರು. ಎರಡನೆಯ ದಿನ ಕಡಿಮೆ ತಪ್ಪಿದರು.

ಜಿಡಗಾದ ಮೊದಲು ಇನ್ನೊಮ್ಮೆ ಕೂಡಿ ಹಾಡಿ ನೋಡಲು ಕರಜಗಿಗೆ ಹೋಗುವ ದಿನ ಅವ್ವ ತನ್ನ ತಂಡದ ಜೊತೆ ಬರಿಗೈಯಲ್ಲಿ ಹೊರಟಳು. ಜಯಮಾಲಾಳ ಮನೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಜಮಖಾನ ಹಾಸಿದ್ದರು. ಮುಂದೆ ಒಂದು ಮಣೆ. ಅದರ ಮೇಲೆ ಯಾರೂ ಕೂತಿರಲಿಲ್ಲ. ಜಯಮಾಲಾ ಅದರ ಪಕ್ಕದಲ್ಲಿ ನಿಂತಿದ್ದಳು.

“ಬರ್ರಿ ಅಕ್ಕಾರ. ನೀವು ಫೋನಿನ್ಯಾಗ ನೀನೇ ಮುಂದ ಕೂಡು ಅಂದ್ರಿ, ನಾ ಹೂಂ ಅನ್ನಲಿಲ್ಲ. ನೆನಪದಲ್ಲ?”

“ನೆನಪದ.”

“ಹೊಸಾ ಪ್ಲೇಯರ್ ಬಂದದಂತಲ್ಲ. ಹಂಗಾರ ಈಗ ನೀವೂ ನಮ್ಮಂಗ ಹಾಡ್ತೀರಿ.”

“ಇಲ್ಲ.”

“ಹಂಗಾರ ಹಳೇದರಂಗ?”

“ಅದೂ ಇಲ್ಲ. ನಿಮ್ಮ ದನಿ ಎಲ್ಲಿಂದ ಎತ್ತತೀರಿ, ಒಂದು ಸಾಲು ಹಾಡಿ ತೋರಸು.”

ಜಯಮಾಲಾ ಹಾಡಿದಳು. ಅವ್ವ ಗಲ್ಲಕ್ಕೆ ಕೈ ಹಚ್ಚಿ ಕೇಳಿ, ಅದಕ್ಕಿಂತ ಒಂಚೂರು ಕೆಳಗೆ ತನ್ನ ದನಿ ಕೂರಿಸಿದಳು. “ನನಗ ಇಲ್ಲೀತನ ಬರ್ತದ. ಇಷ್ಟು ಇಳದ್ರ ನಿಮಗ ತ್ರಾಸ ಆಗ್ತದೇನು?”

ಕರಜಗಿಯ ಹೆಂಗಸರು ತಮ್ಮೊಳಗೆ ಗುನುಗಿ ನೋಡಿದರು. ಆಗುವುದಿಲ್ಲ ಎಂದರು, ಅಂದರೆ ತ್ರಾಸ ಆಗುವುದಿಲ್ಲ.

“ದನಿ ನಿಮ್ಮ ಕಡಿಂದ ತಗೊಂಡೆ. ಹಾಡಿನ ನಡಿ ನನ್ನದು” ಎಂದು ಅವ್ವ ಮಣೆಯ ಮೇಲೆ ಕೂತಳು, ಯಾರೂ ಕೂರಿಸುವುದನ್ನು ಕಾಯದೆ.

ಜಯಮಾಲಾ ಸೆರಗು ಸರಿಪಡಿಸಿಕೊಂಡಳು. “ಅಕ್ಕಾರ, ಮಿಷನ್ ತಪ್ಪಿತ್ತು ಅಂತ ನೀವs ಅಂದ್ರಿ. ತಪ್ಪು ನಡಿಯಾಗ ನಾವ್ಯಾಕ ಹಾಡಬೇಕು?”

ನಾನು ಅಂಗಳದ ಕಟ್ಟೆಯ ಮೇಲೆ ಕೂತಿದ್ದೆ. ಈ ಪ್ರಶ್ನೆ ನನ್ನಲ್ಲೂ ಇತ್ತು. ಅದಕ್ಕೆ ಪುಸ್ತಕದ ಉತ್ತರಗಳು ನನ್ನ ಬಳಿ ಒಂದಷ್ಟು ಇದ್ದವು. ಅವ್ವ ಅಂಥ ಯಾವುದನ್ನೂ ಹುಡುಕಲಿಲ್ಲ.

“ಒಮ್ಮೆ ಹಾಡಿ ನೋಡು ಜಯಮಾಲಾ. ಮುಗಿದ ಮ್ಯಾಲೆ ನಿನಗ ತಪ್ಪು ಅನಿಸಿದ್ರ ಮಣಿ ಬಿಟ್ಟು ಏಳ್ತೇನಿ. ಮಾತು ಕೊಟ್ಟೇನಿ, ಇಷ್ಟು ಮಂದಿ ಕೇಳ್ಯಾರ.”

ಜಯಮಾಲಾ ಅವ್ವನ ಬಲಗಡೆ ಕೂತಳು. ಆಳಂದದವರೂ ಕರಜಗಿಯವರೂ ಬೆರೆತು ಕೂತರು. ಅವ್ವ ಎತ್ತಿಕೊಂಡಳು.

ಮೊದಲ ಸಾಲಿನಲ್ಲಿ ಕರಜಗಿಯವರು ಎರಡು ಸಲ ಮುಂದೆ ಹೋಗಿ, ಎರಡು ಸಲವೂ ಹಿಂದೆ ಬಂದರು. ದನಿ ಹೆಚ್ಚುಕಡಿಮೆ ತಮ್ಮದೇ ಆಗಿದ್ದರಿಂದ ಅವರಿಗೆ ಅಲ್ಲಿ ನಿಲ್ಲಲು ಆಧಾರವಿತ್ತು. ನಮ್ಮವರಿಗೆ ದನಿ ಹೊಸದು, ನಡೆ ಗೊತ್ತು. ಒಬ್ಬರ ಗೊತ್ತಿದ್ದುದನ್ನು ಇನ್ನೊಬ್ಬರು ಹಿಡಿದುಕೊಂಡು ಸಾಗಿದರು. ಸಾಲು ಮುಗಿಯಿತು. ಕರಜಗಿಯವರು ರೂಢಿಯಂತೆ ಉಸಿರೆಳೆದುಕೊಂಡು ಬಾಯಿ ತೆರೆದರು.

ಅವ್ವ ಕೈ ಎತ್ತಿದಳು.

ಬೇವಿನ ಗಿಡದಲ್ಲಿ ಗಾಳಿ ಇತ್ತು. ದೂರದ ಹೊಲದಲ್ಲಿ ಪಂಪಿನ ಸದ್ದು. ರೆಕಾರ್ಡಿನ ಸರಸರ ಇರಲಿಲ್ಲ. ತುಳಜಾಬಾಯಿ ಕಣ್ಣು ಮುಚ್ಚಿ ಕೂತಿದ್ದಳು. ಕರಜಗಿಯ ಒಬ್ಬ ಹೆಂಗಸು ಪಕ್ಕದವಳನ್ನು ನೋಡಿದಳು, ಪಕ್ಕದವಳು ಅವ್ವನ ಕೈಯನ್ನು ನೋಡುತ್ತಿದ್ದಳು. ಅವ್ವನಿಗೆ ಯಾರ ಕಡೆಯೂ ನೋಡಬೇಕಾಗಿರಲಿಲ್ಲ. ಹಿತ್ತಲಿನಲ್ಲಿ ಹರಳು ಹುಡುಕಿ ತೆಗೆದಷ್ಟೇ ನಿರಾಳವಾಗಿ ಕೂತಿದ್ದಳು. ಎಷ್ಟು ಹೊತ್ತು ನಿಲ್ಲಬೇಕೆಂಬುದು ಅವಳಿಗೆ ಗೊತ್ತಿತ್ತು, ಅದನ್ನು ಹೇಳಿಕೊಡಲು ಯಾವ ತಟ್ಟೆಯೂ ತಿರುಗುತ್ತಿರಲಿಲ್ಲ.

ಕೈ ಇಳಿಯಿತು. ಎಲ್ಲರ ದನಿಯೂ ಒಟ್ಟಿಗೆ ಎದ್ದಿತು.

ಹಾಡು ಮುಗಿಯಿತು. ಅವ್ವ ಜಯಮಾಲಾಳ ಕಡೆ ತಿರುಗಿ, “ಹೇಳವಾ, ಏಳ್ಲೋ?” ಎಂದಳು.

“ಕೂಡ್ರಿ ಅಕ್ಕಾರ” ಎಂದಳು ಜಯಮಾಲಾ. “ಇನ್ನೊಮ್ಮೆ ಹಾಡೋಣ. ನಡುವ ನಿಲ್ಲೋದು ನನಗ ಇನ್ನೂ ಬರವಲ್ದು.”